ಆನ್‌ಲೈನ್‌ನಲ್ಲಿ ತರಿಸಿದ ಮೆಷಿನ್ ಮುರಿದು ಬಂದರೆ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ತೋಟದ ಕೆಲಸ ಇಲ್ಲದಾಗ ಮರಗೆಲಸ ಮಾಡುತ್ತೇನೆ. ಡ್ರಿಲ್, ಗ್ರೈಂಡರ್, ಕಳೆ ಹೊಡೆಯುವ ಮೆಷಿನ್, ಚೈನ್ ಸಾ ಎಲ್ಲವನ್ನೂ ಆನ್‌ಲೈನ್‌ನಲ್ಲಿ ತರಿಸಿ ನೋಡಿದ್ದೇನೆ. ಕೆಲವು ಚೆನ್ನಾಗಿ ಬಂದವು, ಕೆಲವು ಮುರಿದು ಬಂದವು. ಆ ಅನುಭವ ಇದೆ ಅಂತ ಗೊತ್ತಾದ ಮೇಲೆ ಜನ ಕೇಳುವುದು ಜಾಸ್ತಿ ಆಯಿತು. ಸಂತೆಯಲ್ಲಿ ಸಿಕ್ಕವರು, ರಾತ್ರಿ ಫೋನ್ ಮಾಡಿದವರು, ಪತ್ರ ಬರೆದವರು ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ.

## ತರಿಸುವ ಮೊದಲು

ಆನ್‌ಲೈನ್‌ನಲ್ಲಿ ಎರಡು ಸಾವಿರ ಕಮ್ಮಿ ಇದೆ. ತಗೊಳ್ಲಾ, ಇಲ್ಲ ಪೇಟೆ ಅಂಗಡೀಲೇ ತಗೊಳ್ಲಾ?

ಮೊದಲು ಒಂದು ಲೆಕ್ಕ ಹಾಕಿ. ಮೆಷಿನ್ ಕೆಟ್ಟರೆ ಅದನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಹೋಗಿ ಬರಲು ಒಂದು ದಿನ, ಬಸ್ ಚಾರ್ಜು, ಊಟ, ಅವತ್ತಿನ ಕೆಲಸ. ಎರಡು ಸಲ ಹೋದರೆ ಉಳಿಸಿದ ಎರಡು ಸಾವಿರ ಅಲ್ಲೇ ಮುಗಿಯಿತು.

ಅದಕ್ಕೇ ನಾನು ಹೀಗೆ ಭಾಗ ಮಾಡಿಕೊಂಡಿದ್ದೇನೆ. ಡ್ರಿಲ್, ಜಿಗ್ ಸಾ, ನಾಲ್ಕಿಂಚಿನ ಗ್ರೈಂಡರ್ ಥರದ ಹಗುರ ಸಾಮಾನು ಆನ್‌ಲೈನ್‌ನಲ್ಲಿ ಧೈರ್ಯವಾಗಿ ತರಿಸುತ್ತೇನೆ. ಇವು ದಾರಿಯಲ್ಲಿ ಮುರಿಯುವುದು ಕಮ್ಮಿ, ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ. ಪೆಟ್ರೋಲ್ ಮೆಷಿನ್‌ಗಳನ್ನು ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿಯ ಅಂಗಡಿಯಲ್ಲೇ ತೆಗೆದುಕೊಳ್ಳಿ ಅಂತ ಹೇಳುತ್ತೇನೆ. ಮಳೆ ಬಿಟ್ಟು ಕಳೆ ಹೊಡೆಯುವ ಹದಿನೈದು ದಿನದಲ್ಲಿ ಮೆಷಿನ್ ನಿಂತರೆ, ಅವತ್ತೇ ಕಾರ್ಬುರೇಟರ್ ಬಿಚ್ಚಿ ನೋಡುವವರು ಬೇಕು. ಆ ಎರಡು ಸಾವಿರ ಹೋಗುವುದು ಅಂಥವರಿಗೆ.

ಸೆಲ್ಲರ್ ಒಳ್ಳೆಯವನೋ ಅಲ್ವೋ ಅಂತ ಹೇಗೆ ಗೊತ್ತಾಗುತ್ತೆ?

ಸ್ಟಾರ್ ಎಷ್ಟಿದೆ ಅಂತ ನಾನು ನೋಡುವುದಿಲ್ಲ. ಒಂದು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದುತ್ತೇನೆ. 'ಮುರಿದು ಬಂತು, ಮೂರು ದಿನದಲ್ಲಿ ಬೇರೆ ಕಳಿಸಿದರು' ಅಂತ ಇದ್ದರೆ ಅದು ಒಳ್ಳೆ ಗುರುತು. 'ಫೋನೇ ಎತ್ತಲ್ಲ' ಅಂತ ನಾಲ್ಕು ಜನ ಬರೆದಿದ್ದರೆ ಅಲ್ಲಿಗೆ ಬಿಡಿ.

ಇನ್ನೊಂದು ಮುಖ್ಯ ವಿಷಯ. ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ ಮಾರುವವನು ಬೇರೆ, ಆ್ಯಪ್ ನಡೆಸುವ ಕಂಪನಿ ಬೇರೆ. ಬಿಲ್ ಮೇಲೆ ಬರುವುದು ಮಾರುವವನ ಹೆಸರು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವನ ಹೆಸರು, ವಿಳಾಸ, ಗ್ರಾಹಕರ ದೂರು ಕೇಳುವ ದಾರಿ ಎಲ್ಲವೂ ಕಾಣುವಂತೆ ಇರಬೇಕು. ಆರ್ಡರ್ ಹಾಕುವ ಮೊದಲೇ ಆ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಮೆಷಿನ್ ಬಗ್ಗೆ ಬರೆದಿರುವ ವಿವರ, ವಾರಂಟಿ, ರಿಟರ್ನ್ ಎಷ್ಟು ದಿನ, ಇವೂ ಅದರಲ್ಲಿ ಬರಲಿ. ಆಮೇಲೆ ಆ ಪುಟ ಬದಲಾಗಬಹುದು.

ಮಳೆಗಾಲದಲ್ಲಿ ತರಿಸಬಹುದಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುರ್ತು ಇಲ್ಲದಿದ್ದರೆ ಬೇಡ. ಕೊಡಗಿಗೆ ರೈಲಿಲ್ಲ. ಎಲ್ಲಾ ಪಾರ್ಸೆಲ್ ಲಾರಿಯಲ್ಲೇ ಹತ್ತಿ ಬರಬೇಕು. ದೊಡ್ಡ ಗೋದಾಮಿನಿಂದ ಮೈಸೂರು, ಅಲ್ಲಿಂದ ಪೇಟೆ, ಪೇಟೆಯಿಂದ ಸಣ್ಣ ವ್ಯಾನು, ಕೊನೆಗೆ ಬೈಕು. ಪ್ರತಿ ಸಲ ಇಳಿಸಿ ಹತ್ತಿಸುವಾಗಲೂ ರಟ್ಟು ನೆನೆಯುತ್ತದೆ. ನೆನೆದ ರಟ್ಟಿಗೆ ಶಕ್ತಿಯೇ ಇರುವುದಿಲ್ಲ. ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟರೆ ಕುಸಿಯುತ್ತದೆ. ಗುಡ್ಡ ಜರಿದು ರಸ್ತೆ ಮುಚ್ಚಿದರೆ ಸಾಮಾನು ವಾರಗಟ್ಟಲೆ ಎಲ್ಲೋ ಶೆಡ್‌ನಲ್ಲಿ ಬಿದ್ದಿರುತ್ತದೆ. 2018ರ ಆಗಸ್ಟ್ ಯಾರಿಗೂ ಮರೆತಿಲ್ಲ.

ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಆಯುಧ ಪೂಜೆ ಹೊತ್ತಿಗೆ ಹೊಸ ಮೆಷಿನ್ ಮನೆಗೆ ಬರಲಿ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಹಾಗಿದ್ದರೆ ಮೇ ತಿಂಗಳಲ್ಲೇ ತರಿಸಿ ಅಟ್ಟದಲ್ಲಿ ಇಡಿ. ಆದರೆ ಪೆಟ್ಟಿಗೆಯನ್ನು ಬಂದ ದಿನವೇ ಬಿಚ್ಚಿ ನೋಡಿ. ಪೂಜೆ ದಿನ ಬಿಚ್ಚಿದರೆ ರಿಟರ್ನ್ ಅವಧಿ ಎಂದೋ ಮುಗಿದಿರುತ್ತದೆ.

ಆನ್‌ಲೈನ್‌ನಲ್ಲಿ ತಗೊಂಡ್ರೆ ಕೃಷಿ ಇಲಾಖೆ ಸಬ್ಸಿಡಿ ಸಿಗುತ್ತಾ?

ಇಲ್ಲ. ಇಲಾಖೆ ಒಪ್ಪಿದ ಕಂಪನಿ, ಒಪ್ಪಿದ ಮಾದರಿ, ಮೊದಲೇ ಹಾಕಿದ ಅರ್ಜಿ ಇದ್ದರೆ ಮಾತ್ರ. ತರಿಸಿಬಿಟ್ಟು ಆಮೇಲೆ ಬಿಲ್ ಹಿಡಿದು ಹೋದರೆ ಆಗುವುದಿಲ್ಲ. ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

## ಪೆಟ್ಟಿಗೆ ಬಂದ ದಿನ

ಡೆಲಿವರಿ ಹುಡುಗ ಬಾಕ್ಸ್ ಬಿಚ್ಚೋಕೆ ಬಿಡಲ್ಲ. ಓಟಿಪಿ ಕೊಡಿ ಅಂತಾನೆ. ಏನು ಮಾಡ್ಲಿ?

ಆ ಹುಡುಗನ ಮೇಲೆ ಸಿಟ್ಟು ಮಾಡಬೇಡಿ. ಸಿದ್ದಾಪುರದ ಕಡೆಯಂತೂ ಆನೆ ರಸ್ತೆಗೆ ಬರುವ ಮೊದಲು ಪಾಪ ಅವನು ವಾಪಸ್ ಹೋಗಬೇಕು. ಆದರೆ ಹೊರಗಿನಿಂದ ನೋಡುವುದಕ್ಕೆ ಎರಡೇ ನಿಮಿಷ ಸಾಕು. ಮೂಲೆ ಜಜ್ಜಿದೆಯಾ, ಟೇಪು ಎರಡು ಬಣ್ಣದ್ದಿದೆಯಾ, ರಟ್ಟಿನ ಮೇಲೆ ಎಣ್ಣೆ ಕಲೆ ಇದೆಯಾ ನೋಡಿ. ಅಲುಗಿಸಿದರೆ ಒಳಗೆ ಏನಾದರೂ ಉರುಳುತ್ತದೆಯಾ ಕೇಳಿ. ಆರೂ ಕಡೆ ಫೋಟೋ ತೆಗೆಯಿರಿ, ವಿಳಾಸದ ಚೀಟಿ ಕಾಣುವ ಹಾಗೆ.

ಪೆಟ್ಟಿಗೆ ಕಣ್ಣಿಗೆ ಕಾಣುವಷ್ಟು ಹಾಳಾಗಿದ್ದರೆ ಓಟಿಪಿ ಕೊಡಬೇಡಿ, ತೆಗೆದುಕೊಳ್ಳುವುದಿಲ್ಲ ಅನ್ನಿ. ವಾಪಸ್ ಹೋದ ಪಾರ್ಸೆಲ್‌ಗೆ ದುಡ್ಡು ಬರುವುದು, ತೆಗೆದುಕೊಂಡ ಪಾರ್ಸೆಲ್‌ಗೆ ಜಗಳ ಆಡುವುದಕ್ಕಿಂತ ಎಷ್ಟೋ ಸುಲಭ. ಕೆಲವು ಕಡೆ ಎದುರಿಗೇ ಬಿಚ್ಚಿ ತೋರಿಸುವ 'ಓಪನ್ ಬಾಕ್ಸ್' ಡೆಲಿವರಿ ಇರುತ್ತದೆ. ಆರ್ಡರ್ ಹಾಕುವಾಗ ಅದು ಸಿಕ್ಕಿದರೆ ಬಿಡಬೇಡಿ.

ನಮ್ಮ ತೋಟಕ್ಕೆ ಬರಲ್ಲ, ಪೇಟೆ ಅಂಗಡೀಲಿ ಇಟ್ಟು ಹೋಗ್ತಾರೆ. ಆಮೇಲೆ ಮುರಿದಿದ್ರೆ ಯಾರು ಹೊಣೆ?

ನಮ್ಮಲ್ಲಿ ಇದು ದಿನಾ ನಡೆಯುವ ಮಾತು. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಓಟಿಪಿ ಬರುವುದಿಲ್ಲ. ಪರಿಚಯದ ಅಂಗಡಿಯಲ್ಲಿ ಇಡಲು ನಾವೇ ಹೇಳಿರುತ್ತೇವೆ. ಅಲ್ಲಿಂದ ಜೀಪಿನ ಹಿಂದೆ ಹಾಕಿಕೊಂಡು ಕಲ್ಲು ರಸ್ತೆಯಲ್ಲಿ ಐದು ಕಿ.ಮೀ. ಬಂದ ಮೇಲೆ ಬಿಚ್ಚುತ್ತೇವೆ. ಮುರಿದಿದ್ದರೆ, ಜೀಪಿನಲ್ಲಿ ಮುರಿದಿದ್ದಲ್ಲ ಅಂತ ತೋರಿಸುವುದು ಹೇಗೆ?

ಅಂಗಡಿಯ ಜಗಲಿಯಲ್ಲೇ ಬಿಚ್ಚಿ. ನಾನು ಹಾಗೇ ಮಾಡುವುದು. ಅಂಗಡಿಯವರಿಗೂ 'ಬಂದ ಕೂಡಲೇ ಒಂದು ಫೋಟೋ ತೆಗೆದು ಕಳಿಸಿ' ಅಂತ ಹೇಳಿಟ್ಟಿದ್ದೇನೆ. ಅವರ ಸಹಾಯಕ್ಕೆ ಒಂದು ಕೆ.ಜಿ. ಕಿತ್ತಳೆ ಕೊಟ್ಟರೆ ಸಂತೋಷ ಪಡುತ್ತಾರೆ.

ಬಿಚ್ಚುವಾಗ ವಿಡಿಯೋ ಮಾಡಲೇಬೇಕಾ?

ಮಾಡಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಆದರೆ ಮಾಡಿ. ಸೆಲ್ಲರ್ ಮೊದಲು ಕೇಳುವುದೇ ಅದನ್ನು. ವಿಳಾಸದ ಚೀಟಿಯಿಂದ ಶುರು ಮಾಡಿ, ನಿಲ್ಲಿಸದೆ, ಮೆಷಿನ್‌ನ ಸೀರಿಯಲ್ ನಂಬರ್ ಕಾಣುವವರೆಗೆ ತೆಗೆಯಿರಿ. ಮನೆಯವರು ಯಾರಾದರೂ ಫೋನ್ ಹಿಡಿದರೆ ನಿಮ್ಮ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ.

ಬಾಕ್ಸ್ ಹೊರಗೆ ಹೊಸದರ ಹಾಗಿದೆ, ಒಳಗೆ ಮೆಷಿನ್ ಮುರಿದಿದೆ. ಹೇಗೆ ಸಾಧ್ಯ?

ನನಗೂ ಹಾಗೇ ಆಯಿತು. ಒಂದು ಬೆಂಚ್ ಡ್ರಿಲ್ ತರಿಸಿದ್ದೆ, ಹದಿನೈದು ಕೆ.ಜಿ.ಗಿಂತ ಜಾಸ್ತಿ ತೂಕ. ಪೆಟ್ಟಿಗೆಗೆ ಒಂದು ಗೀರೂ ಇರಲಿಲ್ಲ. ಮುಚ್ಚಳ ತೆಗೆದರೆ ಥರ್ಮೋಕೋಲು ಮಂಡಕ್ಕಿಯ ಹಾಗೆ ಪುಡಿಯಾಗಿ ಮೂಲೆಯಲ್ಲಿ ಸೇರಿತ್ತು. ಆ ಪುಡಿ ನೋಡಿದ ಕೂಡಲೇ ಮನಸ್ಸಿಗೆ ಕೆಟ್ಟದೆನಿಸಿತು. ಹಗುರ ಸಾಮಾನಿಗೆ ಥರ್ಮೋಕೋಲು ಮೆತ್ತೆ. ಎರಕದ ಕಬ್ಬಿಣಕ್ಕೆ ಅದು ಏನೂ ಅಲ್ಲ. ದಾರಿಯ ಉದ್ದಕ್ಕೂ ಕುಲುಕಿದಾಗ ಭಾರದ ಭಾಗ ಅದನ್ನು ಅರೆದು ಜಾಗ ಮಾಡಿಕೊಳ್ಳುತ್ತದೆ. ಆಮೇಲೆ ಒಳಗೊಳಗೇ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಹೊರಗಿನ ರಟ್ಟಿಗೆ ಇದು ಗೊತ್ತೇ ಆಗುವುದಿಲ್ಲ.

ಎಲ್ಲಾ ಭಾಗ ತೆಗೆದು ಹರಡಿ ನೋಡಿದೆ. ಎಲ್ಲವೂ ಸರಿ ಇದ್ದ ಹಾಗೆ ಕಂಡಿತು. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಬಳಿದ ಗ್ರೀಸು ದಪ್ಪಗೆ ಮೆತ್ತಿಕೊಂಡಿತ್ತು. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಬಂದಾಗ, ಟೇಬಲ್ಲು ಕಂಬವನ್ನು ಹಿಡಿಯುವ ಬಳೆಯ ಹತ್ತಿರ ಒಂದು ಗೆರೆ ಕಂಡಿತು. ಕೂದಲಿಗಿಂತ ಸಣ್ಣದು. ಗೀರೋ ಬಿರುಕೋ ಅಂತ ಅನುಮಾನ. ಅಲ್ಲಿಗೆ ಸೀಮೆಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟೆ. ಚೆನ್ನಾಗಿ ಒರೆಸಿ, ಮೇಲೆ ಶಾಲೆಯ ಸೀಮೆಸುಣ್ಣ ಉಜ್ಜಿದೆ. ಸ್ವಲ್ಪ ಹೊತ್ತಿಗೆ ಬಿಳಿ ಸುಣ್ಣದ ಮೇಲೆ ಕಪ್ಪು ಗೆರೆಯೊಂದು ತಾನಾಗಿ ಮೂಡಿತು. ಬಿರುಕಿನ ಒಳಗೆ ಕೂತಿದ್ದ ಎಣ್ಣೆ ಹೊರಗೆ ಬಂದಿತ್ತು. ಬರೀ ಗೀರಾಗಿದ್ದರೆ ಹಾಗೆ ಆಗುವುದಿಲ್ಲ.

ಸೆಲ್ಲರ್ ಮೊದಲು 'ಅದು ಎರಕದ ಗೆರೆ, ಕೆಲಸಕ್ಕೆ ತೊಂದರೆ ಇಲ್ಲ' ಅಂದ. ಸುಣ್ಣದ ಮೇಲೆ ಗೆರೆ ಮೂಡುವ ವಿಡಿಯೋ ಕಳಿಸಿದ ಮೇಲೆ ಮಾತಾಡಲಿಲ್ಲ, ಹೊಸ ಭಾಗ ಕಳಿಸಿದ. ಎರಕದ ಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ಕೂದಲೆಳೆ ಬಿರುಕು ಇದ್ದರೂ ಬೋಲ್ಟು ಬಿಗಿ ಮಾಡುವ ದಿನ ಕೈಗೆ ಎರಡು ತುಂಡು ಬರುತ್ತದೆ.

ಯಾವ ಮೆಷಿನ್‌ನಲ್ಲಿ ಏನು ನೋಡಬೇಕು?

ಕಳೆ ಹೊಡೆಯುವ ಮೆಷಿನ್‌ನಲ್ಲಿ ಉದ್ದದ ಪೈಪು. ನೆಲದ ಮೇಲಿಟ್ಟು ಉರುಳಿಸಿ. ಬಗ್ಗಿದ್ದರೆ ಕುಣಿಯುತ್ತದೆ. ಬಗ್ಗಿದ ಪೈಪಿನಲ್ಲಿ ಒಳಗಿನ ಶಾಫ್ಟ್ ಉಜ್ಜಿ, ಅರ್ಧ ಗಂಟೆಗೆ ಕೈ ಜೋಮು ಹಿಡಿಯುವಷ್ಟು ನಡುಗುತ್ತದೆ. ಚೈನ್ ಸಾದಲ್ಲಿ ಪೆಟ್ರೋಲ್ ಟ್ಯಾಂಕ್, ಹ್ಯಾಂಡಲ್ ಬುಡ, ಮುಂದಿನ ಬ್ರೇಕ್ ಹಲಗೆ. ಬ್ರೇಕ್ ಹಲಗೆ ಮುಂದಕ್ಕೆ ತಳ್ಳಿದರೆ ಟಕ್ ಅಂತ ಕೂರಬೇಕು, ಎಳೆದರೆ ಬಿಡಬೇಕು. ಎರಡರಲ್ಲೂ ಹಗ್ಗ ಎಳೆದು ನೋಡಿ, ತಾನಾಗಿ ವಾಪಸ್ ಸುತ್ತಿಕೊಳ್ಳಬೇಕು.

ಇದನ್ನೆಲ್ಲ ಪೆಟ್ರೋಲ್ ಹಾಕುವ ಮೊದಲೇ ನೋಡಿ. ಒಮ್ಮೆ ಪೆಟ್ರೋಲ್ ವಾಸನೆ ಬಂದ ಮೆಷಿನ್ನನ್ನು ಕೊರಿಯರ್‌ನವರು ಮುಟ್ಟುವುದಿಲ್ಲ, ಸೆಲ್ಲರ್ 'ಬಳಸಿದ್ದೀರಿ' ಅನ್ನುತ್ತಾನೆ.

ಹದಿನಾಲ್ಕಿಂಚಿನ ಚಾಪ್ ಸಾ ಬಂದರೆ ತಳದ ಹಲಗೆಯನ್ನು ಸಮ ನೆಲದಲ್ಲಿಡಿ, ನಾಲ್ಕು ಕಾಲೂ ಕೂರಬೇಕು. ಕೈ ಡ್ರಿಲ್ಲು, ಗ್ರೈಂಡರ್‌ಗಳಲ್ಲಿ ಪ್ಲಾಸ್ಟಿಕ್ ಮೈ ಸೇರುವ ಗೆರೆಯ ಉದ್ದಕ್ಕೂ ಉಗುರು ಆಡಿಸಿ. ಎಲ್ಲಾದರೂ ತಡೆದರೆ ಬೆಳಕು ಹಿಡಿದು ನೋಡಿ.

ಗ್ರೈಂಡರ್ ಜೊತೆ ಬಂದ ಡಿಸ್ಕ್ ಸ್ವಲ್ಪ ಮೂಲೆ ಒಡೆದಿದೆ, ಅಷ್ಟೇ. ಹಾಕಬಹುದಾ?

ಬೇಡ. ದಯವಿಟ್ಟು ಬೇಡ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗಿಂತ ಜಾಸ್ತಿ ತಿರುಗುತ್ತದೆ. ಅಷ್ಟು ವೇಗದಲ್ಲಿ ಡಿಸ್ಕ್ ಒಡೆದರೆ ತುಂಡು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು. ಬಿರುಕು ಬಿಟ್ಟ ಡಿಸ್ಕನ್ನು ಎರಡು ತುಂಡು ಮಾಡಿ ಎಸೆಯಿರಿ, ಇನ್ನೊಬ್ಬರು ಎತ್ತಿ ಹಾಕಿಕೊಳ್ಳದ ಹಾಗೆ. ಫೋಟೋ ಮಾತ್ರ ಮೊದಲು ತೆಗೆದಿಡಿ.

ಒಳ್ಳೆ ಡಿಸ್ಕುಗಳ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಇರುತ್ತದೆ. ತೇವ ಕುಡಿದು ಅಂಟು ಸಡಿಲ ಆಗುತ್ತದೆ, ಅದಕ್ಕೇ ಈ ಅವಧಿ. ನಮ್ಮ ಊರಿನ ತೇವದಲ್ಲಿ ಇದನ್ನು ಗಮನಿಸಲೇಬೇಕು. ಡಿಸ್ಕ್ ಮೇಲೆ ಬರೆದ ವೇಗ ಮೆಷಿನ್‌ನ ವೇಗಕ್ಕಿಂತ ಜಾಸ್ತಿ ಇರಬೇಕು.

ಕತ್ತಿ ಸಾಣೆ ಹಿಡಿಯುವ ಬೆಂಚ್ ಗ್ರೈಂಡರ್‌ನ ದಪ್ಪ ಕಲ್ಲಿಗೆ ಬೇರೆ ಪರೀಕ್ಷೆ ಇದೆ. ಕಲ್ಲನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರ್‌ನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ಟಿಣ್ ಅಂದರೆ ಸರಿ. ಒಡೆದ ಮಡಕೆಯ ಹಾಗೆ ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ತೆಳುವಾದ ಕಟಿಂಗ್ ಡಿಸ್ಕಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಪಾರ್ಸೆಲ್ ನೆನೆದು ಬಂದಿದೆ. ಒರೆಸಿ ಆನ್ ಮಾಡ್ಲಾ?

ಫೋಟೋ ತೆಗೆದು ವಾಪಸ್ ಕೇಳುವುದೇ ಸರಿ. ಕರೆಂಟಿನ ಮೆಷಿನ್ ಒಳಗೆ ನೀರು ಹೋಗಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಒದ್ದೆ ಮೆಷಿನ್ ಆನ್ ಮಾಡಿದರೆ ಮೈಗೆ ಕರೆಂಟ್ ಬರಬಹುದು, ಸುರುಳಿ ಸುಡಬಹುದು. ಸುಟ್ಟ ಮೇಲೆ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಪೆಟ್ಟಿಗೆ ಮಾತ್ರ ತೇವ ಇದೆ, ಮೆಷಿನ್ ಒಣಗಿದೆ ಅನಿಸಿದರೂ ಎರಡು ಮೂರು ದಿನ ಬೆಚ್ಚಗಿನ ಅಟ್ಟದಲ್ಲಿಡಿ. ವೈರಿಂಗ್ ಮಾಡುವವರ ಹತ್ತಿರ ಮೆಗ್ಗರ್ (ಕರೆಂಟ್ ಮೈಗೆ ಸೋರುತ್ತದೆಯಾ ಅಂತ ನೋಡುವ ಮೀಟರ್) ಇರುತ್ತದೆ. ಒಮ್ಮೆ ನೋಡಿಸಿಕೊಂಡು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್) ಇರುವ ಲೈನ್‌ನಲ್ಲೇ ಮೊದಲ ಸಲ ಹಾಕಿ.

ಬ್ಯಾಟರಿ ಮೆಷಿನ್ ಬಂತು, ಬ್ಯಾಟರಿ ಬೇರೆ ಪಾರ್ಸೆಲ್‌ನಲ್ಲಿ ತಡವಾಗಿ ಬಂತು, ಅದರಲ್ಲೂ ಚಾರ್ಜೇ ಇಲ್ಲ. ಹಳೇದು ಕಳಿಸಿದ್ದಾರಾ?

ಹಾಗೇನಿಲ್ಲ. ಲಿಥಿಯಂ ಬ್ಯಾಟರಿ ಸಾಗಾಟದ ನಿಯಮದಲ್ಲಿ ಅಪಾಯದ ಸಾಮಾನು. ಬಿಡಿ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ. ಸರಕು ವಿಮಾನದಲ್ಲೂ 30 ಶೇಕಡಾಕ್ಕಿಂತ ಜಾಸ್ತಿ ಚಾರ್ಜ್ ಇರಬಾರದು. ಹಾಗಾಗಿ ಬ್ಯಾಟರಿ ಸಾಮಾನ್ಯವಾಗಿ ಲಾರಿಯಲ್ಲಿ ನಿಧಾನಕ್ಕೆ ಬರುತ್ತದೆ, ಅರೆಹೊಟ್ಟೆಯಲ್ಲಿ ಬರುತ್ತದೆ. ಚಾರ್ಜಿಗೆ ಹಾಕಿ ನೋಡಿ, ಅದಾದ ಮೇಲೆ ತೀರ್ಮಾನ ಮಾಡಿ.

ಆದರೆ ಬ್ಯಾಟರಿಯ ಮೈ ಜಜ್ಜಿದ್ದರೆ, ಉಬ್ಬಿದ್ದರೆ, ಸಿಹಿಯಾದ ಒಂಥರಾ ಕೆಟ್ಟ ವಾಸನೆ ಬಂದರೆ ಚಾರ್ಜರ್ ಹತ್ತಿರವೂ ಒಯ್ಯಬೇಡಿ. ಮನೆಯಿಂದ ಹೊರಗೆ, ಸಿಮೆಂಟ್ ಕಣದ ಮೇಲೆ, ಕಾಫಿ ಚೀಲಗಳಿಂದ ದೂರ ಇಡಿ. ಸೆಲ್ಲರ್ 'ಕೊರಿಯರ್‌ನಲ್ಲಿ ವಾಪಸ್ ಕಳಿಸಿ' ಅಂದರೂ ಕಳಿಸಬೇಡಿ. ಹಾಳಾದ ಬ್ಯಾಟರಿಯನ್ನು ಸಾಮಾನ್ಯ ಪಾರ್ಸೆಲ್‌ನಲ್ಲಿ ಕಳಿಸುವಂತಿಲ್ಲ, ಅದನ್ನು ಬರೆದೇ ತಿಳಿಸಿ.

## ದೂರು ಮತ್ತು ವಾಪಸಾತಿ

ದೂರು ಹೇಗೆ ಬರೆಯೋದು? ಫೋನ್‌ನಲ್ಲಿ ಹೇಳಿದ್ರೆ ಸಾಲದಾ?

ಫೋನ್‌ನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಫೋನ್ ಮಾಡಿದರೂ ಅದೇ ದಿನ ಆ್ಯಪ್‌ನಲ್ಲೋ ಇ-ಮೇಲ್‌ನಲ್ಲೋ ಬರೆಯಿರಿ. ಚಿಕ್ಕದಾಗಿ ಇರಲಿ. ಹೀಗೆ:

'ಆರ್ಡರ್ ನಂಬರ್ ಇಂಥದ್ದು. ಇಂಥ ದಿನ ತಲುಪಿತು. ಅದೇ ದಿನ ಬಿಚ್ಚಿದಾಗ ಟ್ಯಾಂಕಿನ ಬುಡದಲ್ಲಿ ಬಿರುಕು ಇತ್ತು. ಫೋಟೋ ಮತ್ತು ವಿಡಿಯೋ ಜೊತೆಗಿದೆ. ಮೆಷಿನ್ ಬಳಸಿಲ್ಲ, ಪೆಟ್ರೋಲ್ ಹಾಕಿಲ್ಲ. ನನಗೆ ಬೇರೆ ಮೆಷಿನ್ ಬೇಕು. ಇಲ್ಲವಾದರೆ ಪೂರ್ತಿ ಹಣ ವಾಪಸ್ ಬೇಕು.'

ಕೊನೆಯ ಎರಡು ವಾಕ್ಯ ಬಿಡಬೇಡಿ. ಎಷ್ಟೋ ಜನ ಬೇಸರವನ್ನೆಲ್ಲ ಬರೆಯುತ್ತಾರೆ, ಏನು ಬೇಕು ಅನ್ನುವುದನ್ನೇ ಬರೆಯುವುದಿಲ್ಲ. ನಿಯಮದ ಪ್ರಕಾರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಮುರಿದ ಮೆಷಿನ್, ಥರ್ಮೋಕೋಲು, ರಟ್ಟು ಎಲ್ಲವನ್ನೂ ಹಾಗೇ ಇಡಿ. ರಟ್ಟನ್ನು ಒಲೆಗೆ ಹಾಕಿಬಿಟ್ಟು ಆಮೇಲೆ ಪರದಾಡಿದವರನ್ನು ನೋಡಿದ್ದೇನೆ.

ಸಣ್ಣ ಡ್ಯಾಮೇಜು. ಐನೂರು ವಾಪಸ್ ಕೊಡ್ತೀವಿ, ಇಟ್ಕೊಳ್ಳಿ ಅಂತಾರೆ. ಒಪ್ಪಿಕೊಳ್ಲಾ?

ಬಣ್ಣ ಹೋಗಿದ್ದರೆ, ಪೆಟ್ಟಿಗೆಯ ಕೊಂಡಿ ಮುರಿದಿದ್ದರೆ ಒಪ್ಪಿಕೊಳ್ಳಬಹುದು. ತಿರುಗುವ ಭಾಗ, ಕೈ ಹಿಡಿಯುವ ಭಾಗ, ಗಾರ್ಡ್, ಸ್ವಿಚ್, ವೈರ್ ಇವುಗಳಲ್ಲಿ ಏನೇ ಆಗಿದ್ದರೂ ಒಪ್ಪಬೇಡಿ. ಒಪ್ಪುವುದಾದರೆ 'ವಾರಂಟಿ ಹಾಗೇ ಇರುತ್ತದೆ' ಅಂತ ಬರೆಸಿಕೊಳ್ಳಿ.

ನಿಮ್ಮ ಪಿನ್‌ಕೋಡ್‌ಗೆ ಪಿಕಪ್ ಇಲ್ಲ, ನೀವೇ ಕಳಿಸಿ ಅಂತಾರೆ. ನ್ಯಾಯನಾ?

ತಂದು ಕೊಡುವಾಗ ದಾರಿ ಇತ್ತು, ತೆಗೆದುಕೊಂಡು ಹೋಗುವಾಗ ಇಲ್ಲ ಅಂದರೆ ಯಾರಿಗಾದರೂ ಬೇಜಾರಾಗುತ್ತದೆ. ಮೊದಲು ಒಂದು ಸಲ ಬರೆದು ಕೇಳಿ: 'ಸಾಗಾಟದ ಖರ್ಚು ನಿಮ್ಮದೇ ಅಂತ ಒಪ್ಪಿಗೆ ಕೊಡಿ'. ಒಪ್ಪಿಗೆ ಬಂದ ಮೇಲೆ ಅಂಚೆ ಕಚೇರಿಯಿಂದ ಇನ್ಶೂರೆನ್ಸ್ ಸಮೇತ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಭಾರದ ಮೆಷಿನ್ ಆದರೆ ಕೌಂಟರಿನಲ್ಲಿ ತೂಕದ ಮಿತಿ ಮೊದಲೇ ಕೇಳಿ.

ಪ್ಯಾಕ್ ಮಾಡುವಾಗ ನಮ್ಮ ತೋಟದ ಸಾಮಾನೇ ಸಾಕು. ಹಳೆ ಗೋಣಿಚೀಲವನ್ನು ಬಿಗಿಯಾಗಿ ಸುತ್ತಿ ನಾಲ್ಕು ಕಡೆ ತುರುಕಿದರೆ ಥರ್ಮೋಕೋಲಿಗಿಂತ ಗಟ್ಟಿ ನಿಲ್ಲುತ್ತದೆ. ಪೆಟ್ಟಿಗೆ ಅಲುಗಿಸಿದಾಗ ಒಳಗೆ ಏನೂ ಸದ್ದು ಬರಬಾರದು.

ಹತ್ತು ದಿನದ ರಿಟರ್ನ್ ಮುಗಿದು ಹೋಯ್ತು, ಆಮೇಲೆ ಬಿರುಕು ನೋಡಿದೆ. ಆಸೆ ಬಿಡ್ಬೇಕಾ?

ಬಿಡಬೇಡಿ. ಏಳು ದಿನ, ಹತ್ತು ದಿನ ಅನ್ನುವುದು ಆ್ಯಪ್‌ನವರು ಮಾಡಿಕೊಂಡ ಅವಧಿ. ದೋಷ ಇರುವ ಸಾಮಾನನ್ನು, ಹೇಳಿದ ಹಾಗೆ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಸೆಲ್ಲರ್ ಹೇಳುವ ಹಾಗಿಲ್ಲ ಅಂತ 2020ರ ನಿಯಮದಲ್ಲಿದೆ. ಆದರೆ ತಡ ಆದಷ್ಟೂ 'ನೀವೇ ಬೀಳಿಸಿದ್ದು' ಅನ್ನುವ ಮಾತಿಗೆ ಬಲ ಬರುತ್ತದೆ. ಬಂದ ದಿನದ ಫೋಟೋದಲ್ಲೇ ಆ ಬಿರುಕು ಇದೆಯಾ ಅಂತ ಹುಡುಕಿ. ದೊಡ್ಡದು ಮಾಡಿ ನೋಡಿದಾಗ ಸಿಕ್ಕಿದ್ದೂ ಉಂಟು.

ಗೂಗಲ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರ್‌ಗೆ ಫೋನ್ ಮಾಡಿದೆ. ರೀಫಂಡ್‌ಗೆ ಒಂದು ಆ್ಯಪ್ ಹಾಕ್ಕೊಳ್ಳಿ ಅಂದ್ರು.

ಅದು ಮೋಸ. ಫೋನ್ ಇಟ್ಟುಬಿಡಿ. ದುಡ್ಡು ವಾಪಸ್ ಬರುವುದಕ್ಕೆ ನಿಮ್ಮ ಯುಪಿಐ ಪಿನ್ ಒತ್ತುವ ಕೆಲಸವೇ ಇಲ್ಲ. ಸರಿಯಾದ ನಂಬರ್ ಮೆಷಿನ್ ಪೆಟ್ಟಿಗೆಯ ಮೇಲೆ, ತಯಾರಿಸಿದವರ ಅಥವಾ ಆಮದು ಮಾಡಿದವರ ವಿಳಾಸದ ಜೊತೆ ಅಚ್ಚಾಗಿರುತ್ತದೆ. ಹಣ ಹೋಗಿಬಿಟ್ಟಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

## ವಾರಂಟಿ ಮತ್ತು ಸರ್ವಿಸ್

ಸರ್ವಿಸ್ ಸೆಂಟರ್‌ನವರು 'ಲೋ ವೋಲ್ಟೇಜ್‌ನಿಂದ ಸುಟ್ಟಿದೆ, ವಾರಂಟಿ ಇಲ್ಲ' ಅಂತಾರೆ. ನಿಜನಾ?

ಎಷ್ಟೋ ಸಲ ನಿಜವೇ. ಮನೆಗೆ ಬರಬೇಕಾದ್ದು 230 ವೋಲ್ಟ್. ಲೈನಿನ ತುದಿಯ ತೋಟಗಳಲ್ಲಿ ಸಂಜೆ ಹೊತ್ತು ನಾನೇ ಮೀಟರ್ ಹಿಡಿದು 180ಕ್ಕಿಂತ ಕೆಳಗೆ ನೋಡಿದ್ದೇನೆ. ವೋಲ್ಟೇಜ್ ಇಳಿದರೆ ಮೆಷಿನ್ ನಿಧಾನ ಆಗುತ್ತದೆ. ನಾವು ಇನ್ನೂ ಒತ್ತುತ್ತೇವೆ. ಒಳಗಿನ ಫ್ಯಾನೂ ನಿಧಾನ ಆಗಿ ಗಾಳಿ ಸಾಲದೆ ಆರ್ಮೇಚರ್ (ಮೋಟಾರಿನ ಒಳಗೆ ತಿರುಗುವ ಸುರುಳಿಯ ಭಾಗ) ಕಾಯುತ್ತದೆ. ಜೊತೆಗೆ ತೆಳು ವೈರಿನ ಮೂವತ್ತು ಮೀಟರ್ ಎಕ್ಸ್‌ಟೆನ್ಷನ್ ಇದ್ದರೆ ಮುಗಿಯಿತು. 2.5 ಚದರ ಮಿ.ಮೀ. ವೈರಿನ ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳಿ. ವೋಲ್ಟೇಜ್ ತೀರಾ ಕಮ್ಮಿ ಇದ್ದರೆ ಕರೆಂಟ್ ಕಂಪನಿ ಸೆಸ್ಕ್‌ಗೆ ಬರೆದು ದೂರು ಕೊಟ್ಟು ನಂಬರ್ ಇಟ್ಟುಕೊಳ್ಳಿ.

ಆದರೆ ಇದೇ ಮಾತನ್ನು ನೆಪ ಮಾಡುವವರೂ ಇದ್ದಾರೆ. ಬಿಚ್ಚಿದ ಭಾಗ ತೋರಿಸಿ ಅನ್ನಿ. ಆರ್ಮೇಚರ್ ಇಡೀ ಸಮನಾಗಿ ಕಪ್ಪಾಗಿದ್ದರೆ ಅದು ಕಾದು ಸುಟ್ಟಿದ್ದು. ಅದರ ತುದಿಯ ತಾಮ್ರದ ಪಟ್ಟಿಗಳಲ್ಲಿ ಎರಡೇ ಸುಟ್ಟು ಉಳಿದದ್ದು ಹೊಸದರ ಹಾಗಿದ್ದರೆ ಒಂದು ಸುರುಳಿಯಲ್ಲೇ ದೋಷ ಇದ್ದಿರಬಹುದು. ಆಗ ಕಾರಣವನ್ನು ಕಾಗದದ ಮೇಲೆ ಬರೆದು ಕೊಡಿ ಅಂತ ಕೇಳಿ. ಬರೆಯಿರಿ ಅಂದ ಕೂಡಲೇ ಕೆಲವರ ಮಾತು ಬದಲಾಗುತ್ತದೆ.

ಟೂ ಸ್ಟ್ರೋಕ್ ಮೆಷಿನ್ ಎರಡೇ ದಿನಕ್ಕೆ ಜಾಮ್ ಆಯ್ತು. ವಾರಂಟಿ ಕೊಡಲ್ಲ ಅಂತಾರೆ.

ಮೊದಲು ಒಂದು ಪ್ರಶ್ನೆ. ಎಣ್ಣೆ ಎಷ್ಟು ಹಾಕಿದ್ದಿರಿ? ಲೀಟರ್ ಪೆಟ್ರೋಲ್‌ಗೆ ಕೆಲವು ಮೆಷಿನ್‌ಗೆ 20 ಮಿ.ಲೀ., ಕೆಲವಕ್ಕೆ 40 ಮಿ.ಲೀ. ಪುಸ್ತಕದಲ್ಲಿ ಬರೆದಿರುತ್ತದೆ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಮೇಲೆ ಉದ್ದುದ್ದ ಗೀರು ಬಿದ್ದಿರುತ್ತದೆ, ಮೆಕ್ಯಾನಿಕ್ ಸೈಲೆನ್ಸರ್ ಬಿಚ್ಚಿ ಇಣುಕಿದರೆ ಸಾಕು, ಗೊತ್ತಾಗುತ್ತದೆ. ತೋಟದ ಕೆಲಸದವರ ಕೈಗೆ ಕೊಡುವ ಮೊದಲು ಅಳತೆಯ ಬಾಟಲಿಗೆ ಗೆರೆ ಹಾಕಿ ಕೊಡಿ.

ಲೋಕಲ್ ಮೆಕ್ಯಾನಿಕ್ ಹತ್ರ ಬಿಚ್ಚಿಸಿದ್ರೆ ವಾರಂಟಿ ಹೋಗುತ್ತಾ?

ಹೆಚ್ಚಿನ ಕಂಪನಿಗಳ ವಾರಂಟಿ ಕಾಗದದಲ್ಲಿ ಹಾಗೇ ಬರೆದಿರುತ್ತದೆ. ಹಾಗಾಗಿ ಅವಧಿ ಇರುವವರೆಗೆ ಕಾರ್ಬನ್ ಬ್ರಷ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಇಷ್ಟಕ್ಕೇ ನಿಲ್ಲಿಸಿ. ಬೆಲೆ ಕಮ್ಮಿಯ 52 ಸಿಸಿ ಕಳೆ ಮೆಷಿನ್‌ಗಳ ಮಾತು ಬೇರೆ. ಅವು ಹತ್ತಾರು ಹೆಸರಿನಲ್ಲಿ ಬಂದರೂ ಒಳಗೆ ಹೆಚ್ಚುಕಮ್ಮಿ ಒಂದೇ. ಹಗ್ಗದ ಸೆಟ್ಟು, ಕಾರ್ಬುರೇಟರ್ ಪೇಟೆಯಲ್ಲೇ ಸಿಗುತ್ತದೆ. ಕೆಲವು ನೂರು ರೂಪಾಯಿಯ ಕೆಲಸಕ್ಕೆ ಕಂಪನಿಯನ್ನು ತಿಂಗಳುಗಟ್ಟಲೆ ಕಾಯುವ ಬದಲು ನಮ್ಮ ಮೆಕ್ಯಾನಿಕ್ ಹತ್ತಿರ ಹೋಗುವುದೇ ವಾಸಿ.

## ಯಾವುದಕ್ಕೂ ಬಗ್ಗದಿದ್ದಾಗ

ದೊಡ್ಡ ಮೆಷಿನ್ ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ಬಂತು, ಮುರಿದಿದೆ. ಸೆಲ್ಲರ್ ಲಾರಿಯವರನ್ನು ಕೇಳಿ ಅಂತಾನೆ, ಅವರು ಸೆಲ್ಲರನ್ನ ಕೇಳಿ ಅಂತಾರೆ.

ಬಿಡಿಸಿಕೊಳ್ಳುವಾಗ ಟ್ರಾನ್ಸ್‌ಪೋರ್ಟ್ ಆಫೀಸಿನ ಎಲ್‌ಆರ್ (ಲಾರಿ ರಸೀದಿ) ಮೇಲೆ ಸಹಿ ಹಾಕುತ್ತೀರಲ್ಲ, ಅಲ್ಲೇ 'ಪೆಟ್ಟಿಗೆ ಒಡೆದಿದೆ, ಒಳಗಿನ ಸಾಮಾನು ನೋಡಿಲ್ಲ' ಅಂತ ಬರೆದು ಸಹಿ ಹಾಕಿ. ಆ ಒಂದು ಸಾಲು ಬಹಳ ಕೆಲಸ ಮಾಡುತ್ತದೆ. 2007ರ ರಸ್ತೆ ಸಾಗಾಟ ಕಾಯ್ದೆಯಲ್ಲಿ, ಬುಕ್ ಆದ ದಿನದಿಂದ 180 ದಿನದೊಳಗೆ ಲಾರಿ ಕಂಪನಿಗೆ ಬರಹದಲ್ಲಿ ನೋಟಿಸ್ ಕೊಡದಿದ್ದರೆ ಆಮೇಲೆ ದಾವೆ ಹೂಡುವ ಹಾಗಿಲ್ಲ. ಬುಕ್ ಮಾಡುವಾಗ ಸಾಮಾನಿನ ಪೂರ್ತಿ ಬೆಲೆ ಬರೆಸಲು ಸೆಲ್ಲರ್‌ಗೆ ಮೊದಲೇ ಹೇಳಿ. ಬೆಲೆ ಬರೆಸದಿದ್ದರೆ ಲಾರಿಯವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಂತುಬಿಡುತ್ತದೆ.

ನಿಮ್ಮ ವ್ಯವಹಾರ ಮಾತ್ರ ಸೆಲ್ಲರ್ ಜೊತೆ. ಮನೆ ಬಾಗಿಲಿಗೆ ಅಂತ ದುಡ್ಡು ತೆಗೆದುಕೊಂಡಿದ್ದರೆ ಲಾರಿಯವರ ಜೊತೆ ಮಾತಾಡುವುದು ಅವನ ಕೆಲಸ.

ಗ್ರಾಹಕರ ಕೋರ್ಟಿಗೆ ಹೋಗೋಕೆ ಬೆಂಗಳೂರಿಗೆ ಹೋಗ್ಬೇಕಾ? ಲಾಯರ್ ಬೇಕಾ?

ಎರಡೂ ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೆಲ್ಲರ್ ದೆಹಲಿಯವನಾದರೂ ಅವನೇ ಇಲ್ಲಿಗೆ ಉತ್ತರ ಕೊಡಬೇಕು. ನಮಗೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ನೀವೇ ವಾದಿಸಬಹುದು, ಆನ್‌ಲೈನ್‌ನಲ್ಲೂ ದೂರು ಹಾಕಬಹುದು.

ಅದಕ್ಕೆ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಷ್ಟೋ ದೂರು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಸೆಲ್ಲರ್‌ಗೂ ಆ್ಯಪ್ ಕಂಪನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಹದಿನೈದು ದಿನದ ನೋಟಿಸ್ ಕಳಿಸಿ, ರಸೀದಿ ಇಟ್ಟುಕೊಂಡು ಆಯೋಗಕ್ಕೆ ಹೋಗಿ.

ತೋಟದ ಜಿಎಸ್‌ಟಿ ನಂಬರ್ ಹಾಕಿ ಬಿಲ್ ತಗೊಂಡಿದ್ದೆ. ಈಗ ಅವರು 'ನೀವು ಗ್ರಾಹಕರೇ ಅಲ್ಲ' ಅಂತಾರೆ.

ಈ ವಾದ ಆಯೋಗದಲ್ಲಿ ಎದುರಾಗುತ್ತದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸಿದರೆ ಅದು ವ್ಯಾಪಾರ ಅಲ್ಲ ಅಂತ ಅದೇ ಕಾಯ್ದೆಯಲ್ಲಿ ಬರೆದಿದೆ. ಒಬ್ಬ ಬಡಗಿಯ ಗರಗಸ, ಎರಡು ಎಕರೆಯವನ ಕಳೆ ಮೆಷಿನ್ ಇದರಲ್ಲಿ ಬರುತ್ತವೆ. ದೊಡ್ಡ ಎಸ್ಟೇಟ್ ಹೆಸರಿನಲ್ಲಿ ಹತ್ತು ಮೆಷಿನ್ ತೆಗೆದುಕೊಂಡರೆ ಕಷ್ಟ. ಒಂದೇ ಮೆಷಿನ್, ನಿಮ್ಮ ಕೈಗೇ ಅಂತಾದರೆ ನಿಮ್ಮ ಹೆಸರಿನಲ್ಲೇ ಬಿಲ್ ಮಾಡಿಸಿ. ತೆರಿಗೆಯಲ್ಲಿ ಉಳಿಯುವ ಸ್ವಲ್ಪ ದುಡ್ಡಿಗೆ ಈ ಹಕ್ಕನ್ನು ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಗೂ ಬೇರೆ ಪೀಸ್ ಕಳಿಸಿದ್ರು. ರಿವ್ಯೂ ಏನಂತ ಬರೀಲಿ?

ಆದದ್ದನ್ನು ಆದ ಹಾಗೆ ಬರೆಯಿರಿ. ಯಾವ ದಿನ ಬಂತು, ಎಲ್ಲಿ ಮುರಿದಿತ್ತು, ಎಷ್ಟು ದಿನಕ್ಕೆ ಸರಿ ಮಾಡಿದರು. ನನ್ನ ಬೆಂಚ್ ಡ್ರಿಲ್ಲಿನ ಹೊಸ ಭಾಗ ಹನ್ನೊಂದನೇ ದಿನಕ್ಕೆ ಬಂತು. ಈ ಸಲ ಥರ್ಮೋಕೋಲು ಇರಲಿಲ್ಲ, ಮರದ ಪಟ್ಟಿ ಹೊಡೆದು, ಹಳೆ ರಬ್ಬರ್ ಟ್ಯೂಬ್ ಸುತ್ತಿ ಕಳಿಸಿದ್ದರು. ಅದನ್ನೂ ಬರೆದೆ, ಫೋಟೋ ಸಮೇತ. ಆ ಮರದ ಪಟ್ಟಿಗಳು ಈಗ ನನ್ನ ಶೆಡ್ಡಿನಲ್ಲಿ ಡ್ರಿಲ್ ಬಿಟ್ ಇಡುವ ಸ್ಟ್ಯಾಂಡ್ ಆಗಿವೆ.